ತಲೆಮರೆಸಿಕೊಂಡವನ ಕುಂಚದಲ್ಲಿ ಅರಳಿದ ಸಂತ

1606ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ನಡೆದ ಹೊಡೆದಾಟದಲ್ಲಿ ಒಬ್ಬನನ್ನು ಕೊಂದ ಚಿತ್ರಕಾರ ಕರವಾಜಿಯೊ ಊರು ಬಿಟ್ಟು ಓಡಿದ. ತಲೆಯ ಮೇಲೆ ಮರಣದಂಡನೆಯ ತೂಗುಗತ್ತಿ. ನೇಪಲ್ಸ್ ಮೂಲಕ ಮಾಲ್ಟಾ ದ್ವೀಪ ಸೇರಿದವನು ಅಲ್ಲಿ ಚಿತ್ರಿಸಿದ್ದು, ಬೈಬಲ್ಲನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮ್‌ನನ್ನು. ಕತ್ತಲ ಕೋಣೆ, ಬರಿಮೈಯ ಮುದುಕ, ಸೊಂಟಕ್ಕೆ ಕೆಂಪು ವಸ್ತ್ರ, ಕೈಯಲ್ಲಿ ಲೇಖನಿ. ಮೇಜಿನ ಮೇಲೆ ತಲೆಬುರುಡೆ, ಶಿಲುಬೆ, ಆರಿದ ಮೇಣದಬತ್ತಿ. ಎಲ್ಲೂ ಸದ್ದಿಲ್ಲ.

ಬಿಡಿಸಿದವನಿಗೆ ಮಾತ್ರ ಆ ನೆಮ್ಮದಿ ಎಲ್ಲಿತ್ತು? 1608ರ ಜುಲೈನಲ್ಲಿ ನೈಟ್ ಪದವಿ ಸಿಕ್ಕಿತು. ತಿಂಗಳು ಕಳೆಯುತ್ತಿದ್ದಂತೆ ಮತ್ತೆ ಹೊಡೆದಾಟ, ಕೋಟೆಯಲ್ಲಿ ಸೆರೆ, ಅಲ್ಲಿಂದಲೂ ಪರಾರಿ! ಡಿಸೆಂಬರ್‌ನಲ್ಲಿ ಪದವಿಯೂ ಹೋಯಿತು. ಕ್ಷಮಾದಾನದ ಆಸೆಯಿಂದ 1610ರಲ್ಲಿ ರೋಮ್‌ನತ್ತ ಹೊರಟವನು ದಾರಿಯಲ್ಲೇ ತೀರಿಕೊಂಡ. ಆಗ ವಯಸ್ಸು 38. ಅವನ ಜೆರೋಮ್ ಈಗಲೂ ಮಾಲ್ಟಾದ ವಲೆಟ್ಟಾದಲ್ಲಿ, ಸಂತ ಜಾನ್ ಕೋ-ಕೆಥೆಡ್ರಲ್‌ನಲ್ಲಿ ಬರೆಯುತ್ತ ಕುಳಿತಿದ್ದಾನೆ.