ಗ್ಯಾರಿ ಕಿಲ್ಡಾಲ್

ಗ್ಯಾರಿ ಆರ್ಲೆನ್ ಕಿಲ್ಡಾಲ್ (19 ಮೇ 1942 – 11 ಜುಲೈ 1994) ಅವರು ಅಮೆರಿಕದ ಗಣಕ ವಿಜ್ಞಾನಿ, ಪ್ರಾಧ್ಯಾಪಕ ಹಾಗೂ ಉದ್ಯಮಿ. ಮೈಕ್ರೊಪ್ರೊಸೆಸರ್ ಆಧಾರಿತ ಸಣ್ಣ ಗಣಕಗಳಿಗಾಗಿ ‘ಸಿಪಿ/ಎಂ’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದವರು ಇವರೇ. ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಯಂತ್ರಾಂಶದ ವಿವರಗಳಿಂದ ಬೇರ್ಪಡಿಸಿ, ಒಂದೇ ತಂತ್ರಾಂಶವು ಹಲವು ತಯಾರಕರ ಬೋರ್ಡುಗಳ ಮೇಲೆ ಕೆಲಸ ಮಾಡುವಂತೆ ಮಾಡಿದ್ದು ಇವರ ಮುಖ್ಯ ಸಾಧನೆ.

ಜನನ ಮತ್ತು ವಿದ್ಯಾಭ್ಯಾಸ

ಕಿಲ್ಡಾಲ್ ಅವರು ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರದಲ್ಲಿ ಜನಿಸಿದರು. ಇವರ ಕುಟುಂಬವು ಅಲ್ಲಿ ನೌಕಾಯಾನದ ಶಾಲೆಯೊಂದನ್ನು ನಡೆಸುತ್ತಿತ್ತು. ಗಣಿತದ ಉಪಾಧ್ಯಾಯರಾಗಬೇಕೆಂಬ ಉದ್ದೇಶದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು ಸೇರಿದ ಇವರ ಆಸಕ್ತಿ ಕ್ರಮೇಣ ಗಣಕಗಳ ಕಡೆಗೆ ತಿರುಗಿತು. 1972ರಲ್ಲಿ ಗಣಕ ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದರು. ಕಂಪೈಲರ್‌ಗಳು ರಚಿಸುವ ಆಜ್ಞೆಗಳನ್ನು ಉತ್ತಮಗೊಳಿಸುವ ಬಗ್ಗೆ ಇವರು 1973ರಲ್ಲಿ ಪ್ರಕಟಿಸಿದ ಪ್ರಬಂಧವು ಆ ಕ್ಷೇತ್ರದ ಮೂಲಭೂತ ಬರಹಗಳಲ್ಲಿ ಒಂದೆಂದು ಪರಿಗಣಿತವಾಗಿದೆ.

ಕಡ್ಡಾಯ ಸೈನಿಕ ಸೇವೆಯ ಕರ್ತವ್ಯದ ಅಂಗವಾಗಿ ಇವರು ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾದರು. ಸೇವೆಯ ಅವಧಿ ಮುಗಿದ ಮೇಲೂ ಅಲ್ಲಿಯೇ ಬೋಧನೆಯನ್ನು ಮುಂದುವರಿಸಿದರು.

ಇಂಟೆಲ್ ಸಂಸ್ಥೆಯೊಡನೆ ಸಂಬಂಧ

ಇಂಟೆಲ್ ಸಂಸ್ಥೆಯ 4004 ಎಂಬ ಮೈಕ್ರೊಪ್ರೊಸೆಸರನ್ನು ಕೊಂಡು ಅದಕ್ಕಾಗಿ ಪ್ರೋಗ್ರಾಂಗಳನ್ನು ಬರೆಯತೊಡಗಿದ ಕಿಲ್ಡಾಲ್ ಅವರು, ಮುಂದೆ ಅದೇ ಸಂಸ್ಥೆಗೆ ಬಿಡುವಿನ ವೇಳೆಯಲ್ಲಿ ಸಲಹೆಗಾರರಾದರು. ಅಲ್ಲಿ ‘ಪಿಎಲ್/ಎಂ’ ಎಂಬ ಭಾಷೆಯನ್ನು ರೂಪಿಸಿದರು. ಮೈಕ್ರೊಪ್ರೊಸೆಸರ್‌ಗಳಿಗಾಗಿಯೇ ಸಿದ್ಧವಾದ ಮೊದಲ ಉನ್ನತ ಮಟ್ಟದ ಭಾಷೆಗಳಲ್ಲಿ ಇದೂ ಒಂದು.

1974ರಲ್ಲಿ ಇಂಟೆಲ್ 8080 ಆಧಾರಿತ ಗಣಕಕ್ಕೆ ಎಂಟು ಅಂಗುಲದ ಫ್ಲಾಪಿ ಡಿಸ್ಕ್ ಘಟಕವೊಂದನ್ನು ಜೋಡಿಸುವ ಪ್ರಯತ್ನದಲ್ಲಿ ಇವರು ತೊಡಗಿದರು. ಘಟಕವನ್ನು ನಿಯಂತ್ರಿಸುವ ವಿದ್ಯುನ್ಮಂಡಲವನ್ನು ಇವರ ಮಿತ್ರ ಜಾನ್ ಟೊರೋಡ್ ನಿರ್ಮಿಸಿಕೊಟ್ಟರು. ಡಿಸ್ಕಿನಲ್ಲಿ ಕಡತಗಳನ್ನು ಬರೆದು ಓದುವುದಕ್ಕಾಗಿ ಕಿಲ್ಡಾಲ್ ಅವರು ರಚಿಸಿದ ತಂತ್ರಾಂಶವೇ ಸಿಪಿ/ಎಂ. ಇದನ್ನು ಮಾರಾಟ ಮಾಡಲು ಇಂಟೆಲ್ ಆಸಕ್ತಿ ತೋರಲಿಲ್ಲ. ಆದ್ದರಿಂದ ಅವರು ಪತ್ನಿ ಡೊರೊಥಿ ಅವರೊಡನೆ ಸೇರಿ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ‘ಡಿಜಿಟಲ್ ರಿಸರ್ಚ್’ ಎಂದು ಹೆಸರಾದ ಈ ಸಂಸ್ಥೆಯ ಕೇಂದ್ರ ಮಾಂಟೆರೆಯ ಸಮೀಪದ ಪೆಸಿಫಿಕ್ ಗ್ರೋವ್ ಪಟ್ಟಣದಲ್ಲಿತ್ತು.

ಬಯೋಸ್ ಪರಿಕಲ್ಪನೆ

ಆ ಕಾಲದಲ್ಲಿ ಒಬ್ಬೊಬ್ಬ ತಯಾರಕರ ಬೋರ್ಡು ಒಂದೊಂದು ರೀತಿಯಲ್ಲಿತ್ತು. ಕೀಲಿಮಣೆ, ಮುದ್ರಕ, ಡಿಸ್ಕ್ ನಿಯಂತ್ರಕ ಇವುಗಳ ಸಂಪರ್ಕ ವಿಳಾಸಗಳು ಬೇರೆ ಬೇರೆಯಾಗಿದ್ದವು. ಹೀಗಾಗಿ ಪ್ರತಿಯೊಂದು ಬೋರ್ಡಿಗೂ ಸಿಪಿ/ಎಂ ಅನ್ನು ಒಳಹೊಕ್ಕು ತಿದ್ದಬೇಕಾಗುತ್ತಿತ್ತು. ಇಮ್ಸಾಯ್ ಎಂಬ ಗಣಕ ತಯಾರಕ ಸಂಸ್ಥೆಯು ತನ್ನ ಯಂತ್ರಕ್ಕೆ ಇದನ್ನು ಹೊಂದಿಸಿಕೊಡುವಂತೆ ಕೋರಿದಾಗ, ಕಿಲ್ಡಾಲ್ ಅವರು ಯಂತ್ರಾಂಶವನ್ನು ಅವಲಂಬಿಸಿದ ಭಾಗಗಳನ್ನೆಲ್ಲ ಒಂದೆಡೆ ಕಲೆಹಾಕಿ ‘ಬಯೋಸ್’ ಎಂಬ ಪ್ರತ್ಯೇಕ ಘಟಕವನ್ನಾಗಿ ಮಾಡಿದರು.

ಇದರಿಂದ ಸಿಪಿ/ಎಂ ಮೂರು ಭಾಗಗಳಾಯಿತು. ಬಳಕೆದಾರರ ಆಜ್ಞೆಗಳನ್ನು ಓದುವ ಭಾಗ ಮೊದಲನೆಯದು, ಕಡತಗಳನ್ನು ನಿರ್ವಹಿಸುವ ‘ಬಿಡಾಸ್’ ಎರಡನೆಯದು, ಬಯೋಸ್ ಮೂರನೆಯದು. ಬಯೋಸ್‌ನ ಆರಂಭದಲ್ಲಿ, ಒಂದು ಅಕ್ಷರವನ್ನು ಓದು, ಒಂದು ಅಕ್ಷರವನ್ನು ಬರೆ, ಡಿಸ್ಕನ್ನು ಆರಿಸು, ಸೆಕ್ಟರನ್ನು ಓದು ಮುಂತಾದ ಕಾರ್ಯಗಳ ಪಟ್ಟಿಯೊಂದು ನಿಗದಿತ ಅನುಕ್ರಮದಲ್ಲಿರುತ್ತಿತ್ತು. ತಯಾರಕರು ಈ ಕೆಲವೇ ಕಾರ್ಯಗಳನ್ನು ತಮ್ಮ ಬೋರ್ಡಿಗೆ ತಕ್ಕಂತೆ ಬರೆದುಕೊಂಡರೆ ಸಾಕಾಗುತ್ತಿತ್ತು. ಉಳಿದೆರಡು ಭಾಗಗಳು ಇದ್ದಂತೆಯೇ ಕೆಲಸ ಮಾಡುತ್ತಿದ್ದವು. 1979ರ ಎರಡನೆಯ ಆವೃತ್ತಿಯಲ್ಲಿ ಡಿಸ್ಕಿನ ಗಾತ್ರ, ಸೆಕ್ಟರುಗಳ ಸಂಖ್ಯೆ ಮೊದಲಾದ ವಿವರಗಳನ್ನೂ ಕೋಷ್ಟಕದ ರೂಪದಲ್ಲಿ ಬಯೋಸ್‌ಗೆ ಸೇರಿಸಲಾಯಿತು. ಆ ಬಳಿಕ ಬಗೆಬಗೆಯ ಡಿಸ್ಕುಗಳಿಗೆ ವ್ಯವಸ್ಥೆಯನ್ನು ಹೊಂದಿಸುವುದು ಇನ್ನಷ್ಟು ಸುಲಭವಾಯಿತು.

ಜಾಲಬಂಧಕ್ಕೂ ಇದೇ ತತ್ತ್ವವನ್ನು ಅನ್ವಯಿಸಲಾಯಿತು. ಡಿಜಿಟಲ್ ರಿಸರ್ಚ್ ಸಂಸ್ಥೆಯ ‘ಸಿಪಿ/ನೆಟ್’ ವ್ಯವಸ್ಥೆಯಲ್ಲಿ, ಕೇಳಿದ ಕಡತವು ತನ್ನಲ್ಲಿದೆಯೋ ದೂರದ ಗಣಕದಲ್ಲಿದೆಯೋ ಎಂಬುದನ್ನು ಒಂದು ಭಾಗ ನಿರ್ಧರಿಸುತ್ತಿತ್ತು. ತಂತಿಯ ಮೂಲಕ ಸಂದೇಶವನ್ನು ಕಳುಹಿಸುವ ಮತ್ತು ಪಡೆಯುವ ಭಾಗ ಪ್ರತ್ಯೇಕವಾಗಿತ್ತು. ಜಾಲಬಂಧದ ಯಂತ್ರಾಂಶ ಬದಲಾದಾಗ ಈ ಎರಡನೆಯ ಭಾಗವನ್ನಷ್ಟೇ ಹೊಸದಾಗಿ ಬರೆಯಬೇಕಿತ್ತು. ಡಿಸ್ಕ್ ಇಲ್ಲದ ಬೋರ್ಡುಗಳಿಗಾಗಿ, ವ್ಯವಸ್ಥೆಯ ತಿರುಳನ್ನು ಸ್ಥಿರ ಸ್ಮೃತಿಯ ಚಿಪ್‌ನಲ್ಲಿಯೇ ಇರಿಸುವ ‘ಸಿಪಿ/ನೋಸ್’ ಎಂಬ ರೂಪವೂ ಇತ್ತು.

ಐಬಿಎಂ ಪ್ರಸಂಗ

1980ರಲ್ಲಿ ಐಬಿಎಂ ಸಂಸ್ಥೆಯ ಪ್ರತಿನಿಧಿಗಳು ತಮ್ಮ ಹೊಸ ಗಣಕಕ್ಕೆ ಕಾರ್ಯಾಚರಣ ವ್ಯವಸ್ಥೆಯನ್ನು ಅರಸಿಕೊಂಡು ಪೆಸಿಫಿಕ್ ಗ್ರೋವ್‌ಗೆ ಬಂದರು. ಅಂದು ಬೆಳಿಗ್ಗೆ ಕಿಲ್ಡಾಲ್ ಅವರು ಗ್ರಾಹಕರೊಬ್ಬರ ಭೇಟಿಗಾಗಿ ತಮ್ಮ ವಿಮಾನದಲ್ಲಿ ಹೊರಗೆ ಹೋಗಿದ್ದರು. ಐಬಿಎಂ ಮುಂದಿಟ್ಟ ಗೋಪ್ಯತೆಯ ಕರಾರಿಗೆ ಸಹಿ ಹಾಕಲು ಡೊರೊಥಿ ಅವರು ಹಿಂಜರಿದರು. ಮುಂದೆ ನಡೆದ ಮಾತುಕತೆಯ ವಿವರಗಳ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಒಪ್ಪಂದವಂತೂ ಆಗಲಿಲ್ಲ. ಕಿಲ್ಡಾಲ್ ಅವರು ವಿಹಾರಕ್ಕೆಂದು ಹಾರಾಡುತ್ತಿದ್ದು ಅವಕಾಶವನ್ನು ಕಳೆದುಕೊಂಡರೆಂಬ ಕಥೆ ಬಹುಕಾಲ ಪ್ರಚಾರದಲ್ಲಿದ್ದು ಅವರಿಗೆ ನೋವುಂಟುಮಾಡಿತು.

ಮೈಕ್ರೊಸಾಫ್ಟ್ ಸಂಸ್ಥೆಯು ಟಿಮ್ ಪ್ಯಾಟರ್ಸನ್ ಅವರು ರಚಿಸಿದ್ದ ವ್ಯವಸ್ಥೆಯೊಂದನ್ನು ಕೊಂಡು ಐಬಿಎಂಗೆ ಒದಗಿಸಿತು. ಅದು ಸಿಪಿ/ಎಂ ಅನ್ನು ಹೋಲುತ್ತದೆಂದು ಕಿಲ್ಡಾಲ್ ಅವರು ಆಕ್ಷೇಪಿಸಿದ ಮೇಲೆ, ಐಬಿಎಂ ಎರಡನ್ನೂ ಮಾರಲು ಒಪ್ಪಿತು. ಆದರೆ ಸಿಪಿ/ಎಂ-86ರ ಬೆಲೆ 240 ಡಾಲರ್, ಪಿಸಿ ಡಾಸ್‌ನ ಬೆಲೆ 40 ಡಾಲರ್ ಎಂದು ನಿಗದಿಯಾಯಿತು. ಬಹುಪಾಲು ಗ್ರಾಹಕರು ಅಗ್ಗವಾದುದನ್ನೇ ಕೊಂಡರು.

ನಂತರದ ಜೀವನ

1983ರಿಂದ 1990ರವರೆಗೆ ಕಿಲ್ಡಾಲ್ ಅವರು ‘ಕಂಪ್ಯೂಟರ್ ಕ್ರಾನಿಕಲ್ಸ್’ ಎಂಬ ದೂರದರ್ಶನ ಕಾರ್ಯಕ್ರಮದ ಸಹನಿರೂಪಕರಾಗಿದ್ದರು. ಸಿಡಿ-ರಾಮ್ ತಂತ್ರಜ್ಞಾನದಲ್ಲಿಯೂ ಇವರು ಮೊದಲಿಗರಲ್ಲಿ ಒಬ್ಬರು. ಇವರ ಇನ್ನೊಂದು ಸಂಸ್ಥೆಯ ಪ್ರಯತ್ನದಿಂದ 1985ರಲ್ಲಿ ಗ್ರೋಲಿಯರ್ ಪ್ರಕಾಶನದ ವಿಶ್ವಕೋಶವು ಒಂದೇ ತಟ್ಟೆಯಲ್ಲಿ ಹೊರಬಂದಿತು. 1991ರಲ್ಲಿ ಡಿಜಿಟಲ್ ರಿಸರ್ಚ್ ಸಂಸ್ಥೆಯು ನಾವೆಲ್ ಸಂಸ್ಥೆಯ ಪಾಲಾಯಿತು.

ನಿಧನ ಮತ್ತು ಗೌರವಗಳು

1994ರ ಜುಲೈ ತಿಂಗಳಲ್ಲಿ ಮಾಂಟೆರೆಯಲ್ಲಿ ತಲೆಗೆ ಪೆಟ್ಟಾಗಿ, ಮೂರು ದಿನಗಳ ಬಳಿಕ ಕಿಲ್ಡಾಲ್ ಅವರು ತಮ್ಮ 52ನೆಯ ವಯಸ್ಸಿನಲ್ಲಿ ನಿಧನರಾದರು. 2014ರಲ್ಲಿ ಐಇಇಇ ಸಂಸ್ಥೆಯು ಪೆಸಿಫಿಕ್ ಗ್ರೋವ್‌ನ ಹಳೆಯ ಕಚೇರಿಯ ಸ್ಥಳದಲ್ಲಿ ಸ್ಮಾರಕ ಫಲಕವನ್ನು ಸ್ಥಾಪಿಸಿತು. ಅವರ ಅಪ್ರಕಟಿತ ಆತ್ಮಕಥೆಯ ಒಂದು ಭಾಗವನ್ನು ಮಕ್ಕಳ ಒಪ್ಪಿಗೆಯೊಂದಿಗೆ 2016ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ವಸ್ತುಸಂಗ್ರಹಾಲಯವು ಬಿಡುಗಡೆ ಮಾಡಿತು.

ಪ್ರಭಾವ

ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದ 8085 ಮೈಕ್ರೊಪ್ರೊಸೆಸರ್, ಕಿಲ್ಡಾಲ್ ಅವರು ಬಳಸಿದ 8080ರ ಉತ್ತರಾಧಿಕಾರಿ. ಸಿಪಿ/ಎಂ ಇದರ ಮೇಲೆಯೂ ನಡೆಯಬಲ್ಲದು. ಇಂದು ರೂಟರ್‌ನಂತಹ ಜಾಲಬಂಧ ಸಾಧನದ ಹೊಸ ಬೋರ್ಡಿಗೆ ಲಿನಕ್ಸ್ ಕರ್ನಲನ್ನು ಹೊಂದಿಸುವ ಎಂಜಿನಿಯರುಗಳು ಕರ್ನಲ್‌ನ ಬಹುಭಾಗವನ್ನು ಮುಟ್ಟುವುದಿಲ್ಲ. ಬೋರ್ಡಿನ ಚಾಲಕ ತಂತ್ರಾಂಶಗಳನ್ನು ಆರಿಸಿ, ಸ್ಮೃತಿಯ ವಿಳಾಸ, ಈಥರ್ನೆಟ್ ಚಿಪ್ ಮುಂತಾದ ವಿವರಗಳನ್ನು ‘ಡಿವೈಸ್ ಟ್ರೀ’ ಎಂಬ ಪ್ರತ್ಯೇಕ ಕಡತದಲ್ಲಿ ನಮೂದಿಸುತ್ತಾರೆ. ಬದಲಾಗುವುದನ್ನು ಬದಲಾಗದುದರಿಂದ ಬೇರ್ಪಡಿಸುವ ಈ ಕ್ರಮವನ್ನು ಸಣ್ಣ ಗಣಕಗಳ ಲೋಕದಲ್ಲಿ ವ್ಯಾಪಕವಾಗಿ ಬಳಕೆಗೆ ತಂದವರು ಕಿಲ್ಡಾಲ್.