ಬರಡು ಊರು ಕೇಳಿದ ರಾಯರು

ನಮ್ಮ ನಲ್ಲಂಪಳ್ಳಿ ಕಡೆ ಕನ್ನಡ, ತೆಲುಗು, ತಮಿಳು ಮೂರೂ ಆಡುವ ಜನ ಇದ್ದೇವೆ. ಯಾವ ಮಾತು ಆಡಿದರೂ ಮಂತ್ರಾಲಯದ ರಾಯರು ಅಂದರೆ ಎಲ್ಲರೂ ಕೈ ಮುಗಿಯುತ್ತಾರೆ. ರಾಯರ ಮಾತು ಬಂದ ಕೂಡಲೇ ಪುನರ್ಜನ್ಮದ ಮಾತೂ ಬರುತ್ತೆ. ಸತ್ತವರು ಮತ್ತೆ ಹುಟ್ಟುತ್ತಾರಾ? ಹುಟ್ಟಿದರೆ ಹಿಂದಿನದು ನೆನಪಿರುತ್ತಾ?

ರಾಯರು ಹುಟ್ಟಿದ್ದು ತಮಿಳುನಾಡಿನಲ್ಲೇ, ಚಿದಂಬರದ ಹತ್ತಿರ ಭುವನಗಿರಿಯಲ್ಲಿ. ಆಗಿನ ಹೆಸರು ವೆಂಕಟನಾಥ. ತಂದೆ ತಿಮ್ಮಣ್ಣ ಭಟ್ಟರು, ತಾಯಿ ಗೋಪಿಕಾಂಬೆ. ತಂದೆ ಬೇಗ ತೀರಿಹೋದರು. ಮಧುರೆಯಲ್ಲಿ ಅಕ್ಕನ ಗಂಡನ ಹತ್ತಿರ ಓದು ನಡೆಯಿತು. ಸರಸ್ವತಿಯನ್ನು ಮದುವೆಯಾದರು, ಒಬ್ಬ ಮಗ ಹುಟ್ಟಿದ. ಆಮೇಲೆ ಕುಂಭಕೋಣದಲ್ಲಿ ಸುಧೀಂದ್ರ ತೀರ್ಥರ ಹತ್ತಿರ ದೊಡ್ಡ ಓದು. ಆದರೆ ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಎಷ್ಟೋ ದಿನ ಒಲೆ ಹಚ್ಚಲಿಲ್ಲ ಅಂತ ಹೇಳುತ್ತಾರೆ. 1621ರಲ್ಲಿ ತಂಜಾವೂರಿನಲ್ಲಿ ಸನ್ಯಾಸ ತೆಗೆದುಕೊಂಡು ರಾಘವೇಂದ್ರ ತೀರ್ಥರಾದರು. ಆ ಸಂಕಟ ತಡೆಯಲಾರದೆ ಸರಸ್ವತಿ ಬಾವಿಗೆ ಬಿದ್ದು ಪ್ರಾಣ ಬಿಟ್ಟಳೆಂದು ಮಠದ ಕಥೆಯೇ ಹೇಳುತ್ತದೆ.

ಭಕ್ತರ ನಂಬಿಕೆಯಂತೆ ರಾಯರು ಒಂದು ಜನ್ಮದಲ್ಲಿ ಪ್ರಹ್ಲಾದ, ಇನ್ನೊಂದರಲ್ಲಿ ಬಾಹ್ಲೀಕ, ಮತ್ತೊಂದರಲ್ಲಿ ವ್ಯಾಸರಾಯರು. ವ್ಯಾಸರಾಯರು 1539ರಲ್ಲಿ ತೀರಿಕೊಂಡರು, ಅವರ ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿದೆ.

ನೆನಪಿನ ಕಥೆ ಬರುವುದು ಕೊನೆಗಾಲದಲ್ಲಿ. ಆದವಾನಿಯ ಸಿದ್ದಿ ಮಸೂದ್ ಖಾನ್ ರಾಯರಿಗೆ ಊರು ಉಂಬಳಿ ಕೊಡಲು ಮುಂದೆ ಬಂದ. ರಾಯರು ಕೇಳಿದ್ದು ತುಂಗಭದ್ರೆ ದಡದ ಮಂಚಾಲೆ ಎಂಬ ಬರಡು ಊರನ್ನು. ಇದಕ್ಕಿಂತ ಒಳ್ಳೇ ಊರು ಕೊಡುತ್ತೇನೆಂದರೂ ಒಪ್ಪಲಿಲ್ಲವಂತೆ. ಪ್ರಹ್ಲಾದನಾಗಿದ್ದಾಗ ಯಜ್ಞ ಮಾಡಿದ ಜಾಗ ಅದು, ಆ ನೆನಪಿನಿಂದಲೇ ಕೇಳಿದರು ಅನ್ನುವುದು ಭಕ್ತರ ಮಾತು. 1671ರಲ್ಲಿ ಅಲ್ಲೇ ಬೃಂದಾವನ ಸೇರಿದರು. ಆ ಮಂಚಾಲೆಯೇ ಕರ್ನೂಲು ಜಿಲ್ಲೆಯ ಮಂತ್ರಾಲಯ.

ಇದಕ್ಕೆ ಸಾಕ್ಷಿ ಕೇಳಿದರೆ ನಂಬಿಕೆ ಬಿಟ್ಟು ಬೇರೆ ಇಲ್ಲ. ಅಮೆರಿಕದ ಡಾಕ್ಟರು ಇಯಾನ್ ಸ್ಟೀವನ್‌ಸನ್, ಬೆಂಗಳೂರು ನಿಮ್ಹಾನ್ಸ್‌ನ ಸತ್ವಂತ್ ಪಸ್ರಿಚಾ ಹಿಂದಿನ ಜನ್ಮ ಹೇಳುವ ಮಕ್ಕಳನ್ನು ಹುಡುಕಿ ಬರೆದಿಟ್ಟಿದ್ದಾರೆ. ಹೆಚ್ಚಿನ ಮಕ್ಕಳು ಎರಡರಿಂದ ಐದು ವರ್ಷದೊಳಗೆ ಹೇಳಲು ಶುರು ಮಾಡಿ, ಬೆಳೆಯುತ್ತಾ ಮರೆಯುತ್ತಾರೆ. ಇದು ಪುನರ್ಜನ್ಮಕ್ಕೆ ರುಜುವಾತು ಅಂತ ಹೆಚ್ಚಿನ ವಿಜ್ಞಾನಿಗಳು ಒಪ್ಪಿಲ್ಲ.

ನಾನು ಬೇಸಾಯಗಾರ. ನನಗೆ ಹೊಳೆಯುವುದು ಇಷ್ಟೇ. ಪ್ರಹ್ಲಾದನ ಅರಮನೆ ನೆನಪಿದ್ದರೂ ವೆಂಕಟನಾಥನ ಹೆಂಡತಿ ಮಗುವಿನ ಹೊಟ್ಟೆ ತುಂಬಲಿಲ್ಲ. ಒಲೆ ಹಚ್ಚದ ಮನೆಯಿಂದ ಬಂದವರು ಬರಡು ನೆಲ ಆರಿಸಿಕೊಂಡರು. ಇವತ್ತು ಆ ನೆಲದಲ್ಲಿ ದಿನವೂ ಸಾವಿರಾರು ಜನ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಹಿಂದಿನ ಜನ್ಮದ ನೆನಪು ಇರಲಿ ಬಿಡಲಿ, ಈ ಜನ್ಮದ ಹಸಿವನ್ನು ಮರೆಯದಿದ್ದರೆ ಸಾಕು.