ಬರ್ನಾರ್ಡ್ ವಿಲಿಯಂ ವ್ಯಾನ್

ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಪ್ರಾಂತದ ರಷ್ಡನ್ ಎಂಬ ಊರಿನಲ್ಲಿ 1887ನೆಯ ಇಸವಿ ಜುಲೈ 9ರಂದು ಬರ್ನಾರ್ಡ್ ವ್ಯಾನನು ಜನಿಸಿದನು. ತಂದೆಯು ಶಾಲೆಯೊಂದರ ಮುಖ್ಯೋಪಾಧ್ಯಾಯನು. ಆದುದರಿಂದ ಪುಸ್ತಕವೂ ಆಟದ ಬಯಲೂ ಬಾಲಕನಿಗೆ ಸಮಾನವಾಗಿ ಒಲಿದುವು. ಕಾಲ್ಚೆಂಡಾಟದಲ್ಲಿ ಪಳಗಿ, ನಾರ್ಥಾಂಪ್ಟನ್ ಟೌನ್, ಬರ್ಟನ್ ಯುನೈಟೆಡ್, ಡರ್ಬಿ ಕೌಂಟಿ ತಂಡಗಳ ಪರವಾಗಿ ಆಡಿದನು. ಆಟವೇ ಜೀವನೋಪಾಯವಾಗಿದ್ದವರ ನಡುವೆ ಈತನು ಕಾಸು ಮುಟ್ಟದ ಹವ್ಯಾಸಿಯಾಗಿಯೇ ಉಳಿದನು. ಮುಂದೆ ಕೇಂಬ್ರಿಡ್ಜಿನ ಜೀಸಸ್ ಕಾಲೇಜಿನಲ್ಲಿ ವ್ಯಾಸಂಗಮಾಡಿ, ಧರ್ಮದೀಕ್ಷೆ ಪಡೆದು, ಲೆಸ್ಟರಿನಲ್ಲಿ ಪಾದ್ರಿಯಾಗಿದ್ದು, 1913ರಲ್ಲಿ ವೆಲಿಂಗ್‌ಬರೋ ಶಾಲೆಗೆ ಅಧ್ಯಾಪಕನಾಗಿಯೂ ಧರ್ಮಗುರುವಾಗಿಯೂ ಬಂದನು.

ಮರುವರ್ಷವೇ ಮಹಾಯುದ್ಧವು ಹೊತ್ತಿಕೊಂಡಿತು. ಸೈನ್ಯದಲ್ಲಿ ಧರ್ಮಗುರುವಾಗಿ ಸೇವೆಸಲ್ಲಿಸಲು ವ್ಯಾನನು ಬಯಸಿದನು. ಅನುಮತಿ ಬರುವುದು ತಡವಾಯಿತು. ಕಾಯಲಾರದೆ 1914ರ ಆಗಸ್ಟ್ ಕೊನೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿಕೊಂಡನು. ಬೇಗನೆ ಷೇರ್‌ವುಡ್ ಫಾರೆಸ್ಟರ್ಸ್ ದಳದಲ್ಲಿ ಅಧಿಕಾರಿಯಾದನು. ದೀಕ್ಷಿತನು ಶಸ್ತ್ರ ಹಿಡಿಯುವುದು ಸಲ್ಲದೆಂದು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರು ಆಗಲೇ ಅಭಿಪ್ರಾಯಪಟ್ಟಿದ್ದರು. ಈ ಆಕ್ಷೇಪವು ಲಘುವಾದುದಲ್ಲ. ಆಶೀರ್ವದಿಸಬೇಕಾದ ಕೈ ಕೊಲ್ಲಬಹುದೇ? ಆದರೆ ತಾನು ಪಾಠ ಹೇಳುತ್ತಿದ್ದ ವಯಸ್ಸಿನ ಹುಡುಗರೇ ಸಾಲುಸಾಲಾಗಿ ಕಂದಕಗಳಿಗೆ ಹೋಗುತ್ತಿರುವಾಗ ಗುರುವಾದವನು ಹಿಂದುಳಿಯಬಹುದೇ ಎಂಬುದೂ ಅಷ್ಟೇ ತೂಕದ ಪ್ರಶ್ನೆ. ವ್ಯಾನನು ಎರಡನೆಯದಕ್ಕೇ ತಲೆಬಾಗಿದನು. ಅದು ಸರಿಯೆಂದು ಎಲ್ಲರೂ ಒಪ್ಪಬೇಕಾಗಿಲ್ಲ. ಸುಲಭವಾದ ದಾರಿಯಂತೂ ಅದಾಗಿರಲಿಲ್ಲ.

1915ರಲ್ಲಿ ಬೆಲ್ಜಿಯಮಿನ ಕೆಮ್ಮೆಲ್ ಬಳಿ ಸ್ಫೋಟದಿಂದ ಗಾಯಗೊಂಡರೂ ತನ್ನವರನ್ನು ಒಗ್ಗೂಡಿಸಿ ನಿಲ್ಲಿಸಿದನು. ಅದಕ್ಕಾಗಿ ಮಿಲಿಟರಿ ಕ್ರಾಸ್ ಪದಕವು ದೊರೆಯಿತು. ಮುಂದೆ ಅದೇ ಗೌರವವು ಮತ್ತೊಮ್ಮೆ ಸಂದಿತು. ಅನೇಕ ಬಾರಿ ಗಾಯಗೊಂಡರೂ ರಣರಂಗಕ್ಕೆ ಮರಳುತ್ತಿದ್ದನು. 1916ರ ಡಿಸೆಂಬರಿನಲ್ಲಿ, ಕೆನಡಾದ ದಾದಿ ಡೋರಿಸಳೊಡನೆ ವಿವಾಹವಾಯಿತು. ಕಾಲಕ್ರಮದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ 6ನೆಯ ಬೆಟಾಲಿಯನ್ನಿನ ನಾಯಕತ್ವವನ್ನು ವಹಿಸಿಕೊಂಡನು.

1918ರ ಸೆಪ್ಟೆಂಬರ್ 29. ಉತ್ತರ ಫ್ರಾನ್ಸಿನ ಸೇಂಟ್ ಕ್ವೆಂಟಿನ್ ಕಾಲುವೆ. ಜರ್ಮನರ ಹಿಂಡೆನ್‌ಬರ್ಗ್ ರಕ್ಷಣಾ ಸಾಲಿನಲ್ಲಿ ಈ ಕಾಲುವೆಯೇ ಕೋಟೆಯ ಅಗಳಿನಂತಿತ್ತು. ಅದನ್ನು ಈಜಿ ದಾಟಲು 46ನೆಯ ಡಿವಿಷನ್ನಿಗೆ ಹಡಗಿನ ಪ್ರಯಾಣಿಕರು ಧರಿಸುವ ಜೀವರಕ್ಷಕ ಪಟ್ಟಿಗಳನ್ನು ಸುಮಾರು 3,000ದಷ್ಟು ತರಿಸಿಕೊಡಲಾಗಿತ್ತು. ಬೆಳಗಿನ ದಟ್ಟ ಮಂಜಿನಲ್ಲಿ ವ್ಯಾನನು ತನ್ನ ಬೆಟಾಲಿಯನ್ನನ್ನು ಬೆಲ್ಲೆಂಗ್ಲಿಸ್ ಬಳಿ ಕಾಲುವೆ ದಾಟಿಸಿದನು. ಮುಂದೆ ಫಿರಂಗಿ, ಯಂತ್ರಬಂದೂಕುಗಳ ಹೊಡೆತಕ್ಕೆ ಸಾಲು ತಡೆದು ನಿಂತಿತು. ಆಗ ಈತನು ಮುಂಚೂಣಿಗೆ ಧಾವಿಸಿ, ತಾನೇ ಮುಂದೆ ನಡೆದು ಸಾಲನ್ನು ಎಬ್ಬಿಸಿದನು. ಬಳಿಕ ಒಬ್ಬಂಟಿಗನಾಗಿ ಫಿರಂಗಿಯೊಂದರ ಮೇಲೆ ನುಗ್ಗಿ ಅದರ ಮೂವರನ್ನು ಕೆಡವಿದನು. ಅಂದು ಆ ಡಿವಿಷನ್ನು ಸೆರೆಹಿಡಿದವರು 4,000ಕ್ಕೂ ಅಧಿಕ.

ನಾಲ್ಕೇ ದಿನಗಳ ತರುವಾಯ, ಅಕ್ಟೋಬರ್ 3ರಂದು, ರಾಮಿಕೂರ್ ಗ್ರಾಮದ ಬಳಿ ದಾಳಿಯನ್ನು ನಡೆಸುತ್ತಿದ್ದಾಗ ಶತ್ರುವಿನ ಗುರಿಕಾರನೊಬ್ಬನ ಗುಂಡು ತಗಲಿ ಮಡಿದನು. ವಯಸ್ಸು 31. ಯುದ್ಧ ನಿಲ್ಲಲು ಆರು ವಾರಗಳೂ ಉಳಿದಿರಲಿಲ್ಲ.

ಡಿಸೆಂಬರಿನಲ್ಲಿ, ಬಂದೂಕುಗಳು ಮೌನವಾದ ಮೇಲೆ, ವಿಕ್ಟೋರಿಯಾ ಕ್ರಾಸ್ ಘೋಷಿತವಾಯಿತು. ಆ ಯುದ್ಧದಲ್ಲಿ ಯೋಧನಾಗಿಯೇ ಕಾದಿ ಈ ಪದಕವನ್ನು ಗಳಿಸಿದ ಇಂಗ್ಲೆಂಡ್ ಚರ್ಚಿನ ಪಾದ್ರಿ ಈತನೊಬ್ಬನೇ. ಬೆಲ್ಲಿಕೂರಿನ ಸೈನಿಕ ಸ್ಮಶಾನದಲ್ಲಿ ಸಮಾಧಿಯಿದೆ. ತಂದೆಯ ಮುಖವನ್ನು ಕಾಣದ ಮಗನು 1919ರಲ್ಲಿ ಹುಟ್ಟಿದನು. ತಾಯಿಯು ಆತನಿಗೆ ಬರ್ನಾರ್ಡ್ ಎಂದೇ ಹೆಸರಿಟ್ಟಳು.